ಕುಡುಗೋಲಿಗೆ ಬೆಲೆ ಕಟ್ಟುವವರು ಯಾರು?

ಮಂಡಿಗೆ ಶೇಂಗಾ ತಗೊಂಡು ಹೋದರೆ ಬೆಲೆ ಕಟ್ಟುವವನು ದಲ್ಲಾಳಿ. ಬೀಜ, ಗೊಬ್ಬರ ತರಲು ಹೋದರೆ ಬೆಲೆ ಹೇಳುವವನು ಅಂಗಡಿಯವನು. ಎರಡು ಕಡೆಯೂ ನಮ್ಮ ಮಾತು ನಡೆಯುವುದಿಲ್ಲ ಅಂತ ರೈತರು ಎಲ್ಲಾ ಸಭೆಯಲ್ಲೂ ಹೇಳ್ತೇವೆ. ಸರಿಯಾದ ಮಾತೇ. ಆದರೆ ನಮ್ಮ ಮಾತು ನಡೆಯುವ ಜಾಗ ಒಂದು ಇನ್ನೂ ಉಳಿದಿದೆ. ಅದು ಕಮ್ಮಾರರ ಕುಲುಮೆ. ಅಲ್ಲಿ ನಮ್ಮಲ್ಲಿ ಹಲವರು ದಲ್ಲಾಳಿಗಿಂತ ಬಿಗಿಯಾಗಿ ವ್ಯಾಪಾರ ಮಾಡ್ತಾರೆ. ಆಚಾರ್ರು ಮಚ್ಚಿಗೆ 600 ರೂಪಾಯಿ ಅಂದರೆ "400 ತಗೊಳ್ರಿ" ಅನ್ನುವುದು, ಅವರು ಸುಮ್ಮನಾದರೆ "ಸಂತೇಲಿ 250ಕ್ಕೆ ಸಿಗ್ತದೆ ಬಿಡಿ" ಅಂತ ಎದ್ದು ಬರುವುದು. ಇದರಿಂದ ನಷ್ಟ ಆಗುತ್ತಿರುವುದು ರೈತರಿಗೇ ಅನ್ನುವುದು ನನ್ನ ಅಭಿಪ್ರಾಯ.

ಕುಲುಮೆ ಯಾಕೆ ಆರಿತು

ನಮ್ಮದು ಚಿತ್ರದುರ್ಗ ಜಿಲ್ಲೆಯ ಬೆದ್ದಲು ಸೀಮೆ. ರಾಗಿ, ಶೇಂಗಾ, ಸಾಲಿನ ನಡುವೆ ತೊಗರಿ. ಮಳೆ ಬಂದರೆ ಬೆಳೆ. ನಾನು ಏಳನೇ ಕ್ಲಾಸು ಓದುವಾಗ ಸುತ್ತಲ ನಾಲ್ಕು ಊರಿಗೆ ನಾಲ್ಕು ಕುಲುಮೆ ಇದ್ದವು. ಈಗ ಇರುವುದು ಒಂದು. ಗುಳ ತಟ್ಟುವುದು, ಕುಂಟೆ ತಾಳು ಹಣಿಯುವುದು, ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟೆ ಕಟ್ಟುವುದು, ಇವೇ ಕುಲುಮೆಗೆ ವರ್ಷವಿಡೀ ಕೆಲಸ ಕೊಡ್ತಿದ್ದವು. ಟ್ರ್ಯಾಕ್ಟರ್ ಬಂತು, ಎತ್ತು ಹೋದವು, ಎತ್ತಿನ ಜೊತೆ ಈ ಕೆಲಸವೂ ಹೋಯಿತು. ಉಳಿದದ್ದು ಕುಡುಗೋಲು, ಮಚ್ಚು, ಕುರ್ಪಿ, ಕೊಡಲಿ, ಮನೆಯ ಈಳಿಗೆಮಣೆ. ಅಂದರೆ ಕೈಯಲ್ಲಿ ಹಿಡಿಯುವ ಹತಾರ ಮಾತ್ರ.

ಹಿಂದೆ ಆಯ ಇತ್ತು. ಸುಗ್ಗಿಯಲ್ಲಿ ಕಣಕ್ಕೆ ಬಂದ ಕಮ್ಮಾರರಿಗೆ ರಾಗಿ ಅಳೆದು ಕೊಡೋರು, ಅದಕ್ಕೆ ವರ್ಷಪೂರ್ತಿ ಕೆಲಸ ಮಾಡಿಸಿಕೊಳ್ಳೋರು. ಅದೇ ಚೆನ್ನಾಗಿತ್ತು ಅನ್ನುವ ಹಿರಿಯರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಳೆ ಹೋದ ವರ್ಷ ಆಯ ಇಲ್ಲ, ಕೆಲಸ ಮಾತ್ರ ಬಿಡುವ ಹಾಗಿಲ್ಲ. ಆ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು. ಆದರೆ ಆಯ ಹೋದರೂ "ನಾವು ಕೊಟ್ಟಷ್ಟು ತಗೋಬೇಕು" ಅನ್ನುವ ಬುದ್ಧಿ ಊರಲ್ಲಿ ಹಾಗೇ ಉಳಿದಿದೆ.

ಕೈ ನೋಡಿ ಮಾಡುವ ಹತಾರ

ಅಂಗಡಿಯ ಕುಡುಗೋಲು ಎಲ್ಲರ ಕೈಗೂ ಒಂದೇ. ಕಮ್ಮಾರರು ಕೇಳುವ ಮೊದಲ ಮಾತು "ಯಾರು ಹಿಡಿಯೋದು?" ಅಂತ. ಹೆಂಗಸರ ಕೈಗೆ ಹಿಡಿ ಸಣ್ಣದಿರಬೇಕು, ತೂಕ ಕಡಿಮೆ ಇರಬೇಕು. ದಿನಾ ರಾಗಿ ಕುಯ್ಯುವವರಿಗೆ ನೂರು ಗ್ರಾಂ ಹೆಚ್ಚು ತೂಕ ಸಂಜೆ ಹೊತ್ತಿಗೆ ಮಣಿಕಟ್ಟಲ್ಲಿ ಗೊತ್ತಾಗ್ತದೆ. ಎಡಗೈಯವರಿಗೆ ಅಂಗಡಿಯ ಕಕ್ಕಿನ ಕುಡುಗೋಲು ಕೆಲಸಕ್ಕೇ ಬರೋದಿಲ್ಲ. ಕಕ್ಕು ಒಂದೇ ಮಗ್ಗುಲಿಗೆ ಇರ್ತದೆ, ಅವರಿಗೆ ಅದು ಉಲ್ಟಾ ಬೇಕು. ಬಳ್ಳಾರಿ ಜಾಲಿ ಸವರಲು ತುದಿ ಕೊಕ್ಕೆಯ ಹಾಗೆ ಬಗ್ಗಿದ, ಹಿಡಿ ಉದ್ದ ಇರುವ ಮಚ್ಚು ಬೇಕು. ಮುಳ್ಳು ಎಳೆದುಕೊಳ್ಳುವುದಕ್ಕೂ ಆಯಿತು, ಕೈಗೆ ಚುಚ್ಚೋದೂ ಇಲ್ಲ. ಮೇಕೆಗೆ ಸೊಪ್ಪು ಕುಯ್ಯುವವರಿಗೆ ದೋಟಿಗೆ ಕಟ್ಟುವ ಹಗುರದ ಕುಡುಗೋಲು ಬೇಕು. ಇವು ಯಾವುವೂ ಕಾರ್ಖಾನೆಯ ಅಚ್ಚಿನಲ್ಲಿ ಬರುವುದಿಲ್ಲ.

ಉಕ್ಕಿನ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ ಕಡೆ ಕಪ್ಪು ಮರಳು ಕಾಯಿಸಿ ಕಬ್ಬಿಣ ತೆಗೆಯುವುದನ್ನು ನೋಡಿ ಬರೆದಿಟ್ಟಿದ್ದಾನೆ. ಈಗ ಹಾಗೆ ತೆಗೆಯುವವರಿಲ್ಲ. ಈಗಿನ ಕಮ್ಮಾರರಿಗೆ ಉಕ್ಕು ಅಂದರೆ ಲಾರಿಯ ಹಳೇ ಕಮಾನು ಪಟ್ಟಿ. ಅದರಲ್ಲಿ ಇಂಗಾಲ ಸುಮಾರು ಅರ್ಧ ಪರ್ಸೆಂಟು ಇರ್ತದೆ, ಅದಕ್ಕೇ ಹದ ಹಿಡಿಯುವುದು. ಮನೆ ಕಟ್ಟುವ ಕಬ್ಬಿಣದ ಪಟ್ಟಿಯನ್ನು ಎಷ್ಟು ಕಾಯಿಸಿ ನೀರಿಗೆ ಅದ್ದಿದರೂ ಮಚ್ಚಿಗೆ ಬೇಕಾದ ಗಡಸು ಬರೋದಿಲ್ಲ.

ಹದ ಹಾಕುವುದೇ ದೊಡ್ಡ ವಿದ್ಯೆ. ಕೆಂಪಗೆ ಕಾಯಿಸಿ, ಅಯಸ್ಕಾಂತ ಹಿಡಿಯದಷ್ಟು ಕಾವು ಬಂದ ಮೇಲೆ ಬಾಯನ್ನು ನೀರಿಗೆ ಅದ್ದಬೇಕು. ಅಷ್ಟಕ್ಕೇ ಬಿಟ್ಟರೆ ಗಾಜಿನ ಹಾಗೆ ಚಕ್ಕೆ ಹಾರ್ತದೆ. ಬಾಯಿ ಉಜ್ಜಿ ಮತ್ತೆ ನಿಧಾನಕ್ಕೆ ಕಾಯಿಸಬೇಕು. ಆಗ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ನೀಲಿ ಬರ್ತವೆ. ಅಡುಗೆ ಚಾಕು ಹುಲ್ಲಿನ ಬಣ್ಣದಲ್ಲಿ ನಿಲ್ಲಿಸಬೇಕು, ಪೆಟ್ಟು ತಿನ್ನುವ ಮಚ್ಚಾದರೆ ನೇರಳೆ ದಾಟಿ ನೀಲಿಗೆ ಬರಬೇಕು. ಒಂದು ಕ್ಷಣ ಆಚೀಚೆ ಆದರೆ ಕೆಟ್ಟಿತು. ಇದು ಬರುವುದು ವರ್ಷಗಟ್ಟಲೆ ಬೆಂಕಿ ನೋಡಿದ ಕಣ್ಣಿಗೆ. ನಾವು ಕೊಡಬೇಕಾದ ಬೆಲೆ ಈ ಕಣ್ಣಿಗೆ, ಬರೀ ಕಬ್ಬಿಣಕ್ಕಲ್ಲ.

ಲೆಕ್ಕ ಹಾಕಿ ನೋಡೋಣ

ನಮ್ಮ ಕಡೆಯ ಧಾರಣೆಯಲ್ಲಿ ಒಂದು ಮಚ್ಚಿನ ಖರ್ಚು ಹೀಗೆ. ಪಟ್ಟಿ ಒಂದೂಕಾಲು ಕೆ.ಜಿ., 100 ರೂಪಾಯಿ. ಇದ್ದಿಲು 4 ಕೆ.ಜಿ., 160. ಹಿಡಿ, ಬಳೆ 40. ಇಬ್ಬರಿಗೆ ಮೂರು ಗಂಟೆ ಕೆಲಸ, ಒಬ್ಬರು ಇಕ್ಕಳ ಹಿಡಿದರೆ ಇನ್ನೊಬ್ಬರು ಸಮ್ಮಟಿಗೆ ಹೊಡೀಬೇಕು. ದಿನಕ್ಕೆ 500ರಂತೆ ನಾವು ಹೊಲದ ಆಳಿಗೆ ಕೊಡುವ ಕೂಲಿಯನ್ನೇ ಹಿಡಿದರೂ 375. ಒಟ್ಟು 675. ಅವರು ಕೇಳುವುದು 600! ಅಂದರೆ ವಿದ್ಯೆಗೆ ಬೆಲೆ ಇಲ್ಲದಿರಲಿ, ಕೂಲಿಯೂ ಗಿಟ್ಟುವುದಿಲ್ಲ. ಅದರಲ್ಲೂ 200 ಕಡಿಮೆ ಮಾಡಿ ಅಂದರೆ ಮಗ ಯಾಕೆ ಕುಲುಮೆ ಮುಂದೆ ಕೂತಾನು? ಬೆಂಗಳೂರಿಗೆ ಹೋಗಿ ಗ್ರಿಲ್ಲು ಬೆಸೆಯುವುದೇ ವಾಸಿ ಅಂತಾನೆ. ನಮ್ಮ ಆಚಾರ್ರ ಮಗ ಅದನ್ನೇ ಮಾಡಿದ.

ಇನ್ನು ನಮ್ಮ ಕಡೆಯ ಲೆಕ್ಕ. ಸಂತೆಯ ಕುಡುಗೋಲು 130 ರೂಪಾಯಿ, ಒಂದು ಸುಗ್ಗಿಗೆ ಕಕ್ಕು ಸವೆದು ಹೋಗ್ತದೆ. ಕಮ್ಮಾರರದು 250. ವರ್ಷಕ್ಕೊಮ್ಮೆ ಕಕ್ಕು ಹಾಕಿಸಲು 30. ಏಳು ವರ್ಷಕ್ಕೆ ಸಂತೆಯದು 910 ರೂಪಾಯಿ, ಕಮ್ಮಾರರದು 430. ನಮ್ಮ ಮನೆಯಲ್ಲಿ 2017ರ ಸುಗ್ಗಿಗೆ ಮಾಡಿಸಿದ ಕುಡುಗೋಲು ಇವತ್ತಿಗೂ ಕುಯ್ತಾ ಇದೆ.

ಎಲ್ಲಾ ಅಂಗಡಿ ಸಾಮಾನೂ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಸನಿಕೆ, ಗುದ್ದಲಿ ಕಾರ್ಖಾನೆಯದೇ ವಾಸಿ. ಬಾಯಿ ಇರುವ, ಕೈಗೆ ಹೊಂದಬೇಕಾದ ಹತಾರದ ಮಾತು ಬೇರೆ.

ಪೇಟೆಯವರಿಗೆ ಮಾರಿದರೆ ತಪ್ಪೇನು?

ಈಚೆಗೆ ಪೇಟೆಯವರು ಕೆಲವರು ನಮ್ಮ ಆಚಾರ್ರ ಹತ್ತಿರ ಅಡುಗೆ ಚಾಕು ಮಾಡಿಸಿಕೊಂಡು ಹೋಗ್ತಾರೆ. ಇಷ್ಟುದ್ದ, ಇಂಥಾ ಮರದ ಹಿಡಿ ಅಂತ ಹೇಳಿ ಒಂದಕ್ಕೆ 900 ಕೊಡ್ತಾರೆ. ಇದನ್ನು ಕೇಳಿ ಊರಲ್ಲಿ "ಆಚಾರ್ರಿಗೆ ದುಡ್ಡಿನ ರುಚಿ ಹತ್ತಿದೆ" ಅಂತ ಮಾತಾಡಿದರು. ನಮ್ಮ ತೊಗರಿಯನ್ನು ಪೇಟೆಯವರು ನೇರವಾಗಿ ಬಂದು ಹೆಚ್ಚಿಗೆ ಕೊಟ್ಟು ಕೊಂಡರೆ ನಾವು ಬೇಡ ಅಂತೀವಾ? ಆ 900 ರೂಪಾಯಿಯಿಂದಲೇ ಕುಲುಮೆ ಮಳೆಗಾಲದಲ್ಲೂ ಉರೀತಾ ಇದೆ. ಅದು ಉರಿಯುತ್ತಿದ್ದರೆ ತಾನೇ ನಮ್ಮ ಕುಡುಗೋಲಿಗೆ ಕಕ್ಕು?

ಕಮ್ಮಾರರಿಗೂ ಎರಡು ಮಾತು ಹೇಳಬೇಕು. ಸರಿಯಾದ ಬೆಲೆ ಕೇಳುವವರು ಪಟ್ಟಿ ಯಾವುದು ಅಂತ ಮುಚ್ಚಿಡದೆ ಹೇಳಬೇಕು. ಮಾಡಿದ ಹತಾರದ ಮೇಲೆ ತಮ್ಮದೊಂದು ಗುರುತು ಒತ್ತಬೇಕು. ಒಂದು ವರ್ಷದೊಳಗೆ ಬಾಯಿ ಮುರಿದರೆ ಮತ್ತೆ ಮಾಡಿಕೊಡಬೇಕು. ಒಪ್ಪಿದ ದಿನಕ್ಕೆ ಕೊಡಬೇಕು, ಸುಗ್ಗಿ ಕಳೆದ ಮೇಲೆ ಕುಡುಗೋಲು ಕೊಟ್ಟು ಏನು ಪ್ರಯೋಜನ?

ಇನ್ನೊಂದು ಎಚ್ಚರ. 1959ರ ಆಯುಧ ಕಾಯಿದೆಯಲ್ಲಿ ಬೇಸಾಯಕ್ಕೆ, ಮನೆ ಬಳಕೆಗೆ ಅಂತಲೇ ಮಾಡಿದ ಸಾಮಾನನ್ನು ಆಯುಧದ ಲೆಕ್ಕಕ್ಕೆ ಸೇರಿಸಿಲ್ಲ. ಆದರೆ ಬೇರೆ ಉದ್ದೇಶಕ್ಕೆ ಮಾಡಿದ, 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗು ಅದರ ನಿಯಮಕ್ಕೆ ಒಳಪಡ್ತದೆ. ಗುರುತಿಲ್ಲದ ಹುಡುಗರು ಬಂದು "ಲಾಂಗು ಮಾಡಿಕೊಡಿ" ಅಂದರೆ ಎಷ್ಟು ದುಡ್ಡು ಕೊಟ್ಟರೂ ಒಲ್ಲೆ ಅನ್ನಬೇಕು. ಯಾರು, ಏನು ಮಾಡಿಸಿದರು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಪೊಲೀಸರು ಕೇಳಿದಾಗ ತೋರಿಸಲಿಕ್ಕೂ ಆಗ್ತದೆ.

ಸಾಲಕ್ಕಿಂತ ಕೆಲಸ ಬೇಕು

2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿ.ಎಂ. ವಿಶ್ವಕರ್ಮ ಯೋಜನೆ ಶುರು ಮಾಡಿತು. 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಒಂದು. ತರಬೇತಿಗೆ ದಿನಕ್ಕೆ 500 ರೂಪಾಯಿ ಭತ್ಯ, ಸಲಕರಣೆಗೆ 15,000, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ ಸಾಲ ಅಂತ ಅದರಲ್ಲಿದೆ. ಗಾಳಿ ಮೋಟರು, ಸಾಣೆ ಮಿಷನ್ ಕೊಳ್ಳುವವರಿಗೆ ಇದು ಒಳ್ಳೆಯದು. ಆದರೆ ನಮ್ಮ ಆಚಾರ್ರು ಕೇಳಿದ್ದು ಸರಿಯಾಗಿದೆ: "ಸಾಲ ತಗೊಂಡು ಮಿಷನ್ ತರ್ತೀನಿ ಅಣ್ಣ, ಕೆಲಸ ಯಾರು ಕೊಡ್ತಾರೆ?" ಅದನ್ನು ಸರ್ಕಾರ ಕೊಡೋದಿಲ್ಲ, ನಾವೇ ಕೊಡಬೇಕು.

ಹೇಗೆ ಕೊಡಬಹುದು? ನಮ್ಮ ಬೀದಿಯ ಹತ್ತು ಮನೆಯವರು ಮಾಡಿಕೊಂಡ ಏರ್ಪಾಡು ಹೇಳ್ತೇನೆ. ಸುಗ್ಗಿ ಬಂದಾಗ ಓಡುವುದನ್ನು ಬಿಟ್ಟು ಬೇಸಿಗೆಯಲ್ಲೇ ಎಲ್ಲರ ಬೇಡಿಕೆ ಒಂದೇ ಚೀಟಿಯಲ್ಲಿ ಬರೆದು ಕೊಡ್ತೇವೆ. ಅರ್ಧ ದುಡ್ಡು ಮುಂಗಡ. ಹೊಲದ ಬದುವಿನ ಬಳ್ಳಾರಿ ಜಾಲಿ ಸುಟ್ಟು ಇದ್ದಿಲು ನಾವೇ ಕೊಡ್ತೇವೆ, ಅದರ ಬೆಲೆ ಹತಾರದ ಲೆಕ್ಕದಲ್ಲಿ ಕಳೀತಾರೆ. ಹತ್ತು ಕುಡುಗೋಲು ಒಟ್ಟಿಗೆ ಮಾಡಿದರೆ ಒಂದೇ ಬೆಂಕಿಯಲ್ಲಿ ಕೆಲಸ ಸಾಗ್ತದೆ, ಅವರಿಗೂ ಇದ್ದಿಲು ಉಳೀತದೆ. ಅವರು ಹೇಳಿದ ಬೆಲೆಗೆ ಚೌಕಾಸಿ ಇಲ್ಲ. ದುಬಾರಿ ಅನ್ನಿಸಿದರೆ ಖರ್ಚಿನ ಲೆಕ್ಕ ಕೇಳ್ತೇವೆ, ಅವರು ಹೇಳ್ತಾರೆ.

ನಮ್ಮ ಆಚಾರ್ರಿಗೆ ಅರವತ್ತು ದಾಟಿದೆ. ಭುಜ ನೋವು ಅಂತಾರೆ. ಕಲಿಯುವ ಹುಡುಗ ಇನ್ನೂ ಸಿಕ್ಕಿಲ್ಲ. ತಿಂಗಳಿಗೆ ಇಷ್ಟು ಸಂಪಾದನೆ ಖಾತ್ರಿ ಅಂತ ಗೊತ್ತಾದರೆ ಮಾತ್ರ ಒಬ್ಬ ಹುಡುಗ ಬಂದಾನು. ಅವನು ಯಾವ ಜಾತಿಯವನಾದರೂ ಸರಿ, ಕಲಿಸ್ತೇನೆ ಅಂತ ಅವರೇ ಹೇಳಿದ್ದಾರೆ. ನಿಮ್ಮ ಊರಲ್ಲಿ ಕುಲುಮೆ ಇನ್ನೂ ಇದ್ದರೆ ಈ ಬೇಸಿಗೆಯಲ್ಲಿ ಒಂದು ಚೀಟಿ ಬರೆದು ಕೊಟ್ಟು ನೋಡಿ. ಬೇರೆ ರೀತಿಯ ಏರ್ಪಾಡು ಮಾಡಿಕೊಂಡಿರುವವರು ಪತ್ರಿಕೆಗೆ ಬರೆದು ತಿಳಿಸಬೇಕಾಗಿ ಕೇಳಿಕೊಳ್ತೇನೆ.