ಹಳ್ಳದಲ್ಲಿ ಉಸಿರಾಡುವ ಪಳೆಯುಳಿಕೆ

ಪಳೆಯುಳಿಕೆ ಅರಸಿ ಸಿದ್ದಾಪುರ ಸೀಮೆಯ ಹಳ್ಳಗಳಿಗಿಳಿಯುವ ವಿದ್ಯಾರ್ಥಿಗಳು ಸಂಜೆ ಬರಿಗೈಯಲ್ಲಿ ಮರಳುವುದು ಸಹಜ. ಇಲ್ಲಿನ ಶಿಲೆಗಳು ಬಹುಪಾಲು 250 ಕೋಟಿ ವರ್ಷಗಳಿಗೂ ಹಿಂದಿನವು. ಚಿಪ್ಪು, ಮೂಳೆಗಳುಳ್ಳ ಜೀವಿಗಳೇ ಆಗ ಇರಲಿಲ್ಲ. ಕಲ್ಲು ಬಿಟ್ಟು ಮರಗಳನ್ನು ನೋಡಬೇಕು. ಕತ್ತಲೆಕಾನಿನ ರಾಮಪತ್ರೆ ಜಡ್ಡಿಯಲ್ಲಿ, ಮಂಡಿಯಂತೆ ಬಾಗಿದ ಉಸಿರುಬೇರುಗಳನ್ನು ಕೆಸರಿನಿಂದ ಮೇಲೆತ್ತಿ ನಿಂತ ಮರಗಳದ್ದು ಹೂಬಿಡುವ ಸಸ್ಯಗಳ ಅತಿ ಪುರಾತನ ವಂಶಗಳಲ್ಲೊಂದು. 2000ರಲ್ಲಷ್ಟೇ ವಿಜ್ಞಾನಕ್ಕೆ ಪರಿಚಯವಾದ ಕಾಡುಗೇರಿನ ಬಂಧು ‘ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್’ ಕೂಡ ಇಂಥ ಜೌಗಿನದೇ.

ಜಡ್ಡಿಗಳು ಬಸಿದು ಅಡಿಕೆ ತೋಟಗಳಾದದ್ದು ಹಳೆಯ ಕತೆ. ಹಳ್ಳದ ನೆತ್ತಿಗೇ ಪೈಪು ಹೂಡುವುದು ಇಂದಿನದು. ತೋಟಿಗರ ಅಗತ್ಯ ಸುಳ್ಳಲ್ಲ. ಆದರೆ ಬೇಸಿಗೆಯಲ್ಲಿ ಜಡ್ಡಿಯನ್ನು ಹಾದುಹೋದ ನೀರನ್ನಷ್ಟೇ ಎತ್ತುವ ಕಟ್ಟಳೆಯನ್ನು ಊರವರೇ ಕೂಡಿ ಮಾಡಿಕೊಳ್ಳಬಹುದು. ಮಳೆಗಾಲದವರೆಗೆ ಮುಂದೂಡುವ ಮಾತಲ್ಲ ಇದು: ರಾಮಪತ್ರೆಯ ಬೀಜ ಒಣಗಿದರೆ ಮೊಳೆಯದು.