ಹಳೆಯ ಲಾರಿಯ ತಲೆ ಕೊಯ್ಯುವ ಮುನ್ನ

ನೆಗಡಿ ಬಂತೆಂದು ಮೂಗು ಕೊಯ್ದುಕೊಂಡವನ ಗಾದೆಯನ್ನು ನಾವು ಇಪ್ಪತ್ತು ವರ್ಷಗಳಿಂದ ಮಕ್ಕಳಿಗೆ ಹೇಳಿಕೊಡುತ್ತ ಬಂದಿದ್ದೇವೆ. ಅದರ ಅರ್ಥ ನಮಗೇ ಸರಿಯಾಗಿ ಮನದಟ್ಟಾದದ್ದು ಹೋದ ಬೇಸಿಗೆಯಲ್ಲಿ, ಧನ್ವಾಡದ ನಮ್ಮ ಹೊಲದ ಶೆಡ್ಡಿನ ಮುಂದೆ. ಶೆಡ್ಡಿನ ತೊಲೆ ತಗ್ಗಾಗಿತ್ತು, ಲಾರಿ ಎತ್ತರವಾಗಿತ್ತು. ತೊಲೆಯನ್ನು ಮೇಲೆತ್ತುವುದು ಬಿಟ್ಟು ನಾವು ಲಾರಿಯ ತಲೆಯನ್ನೇ ಕೊಯ್ದೆವು. ಆ ಕೆಲಸದಲ್ಲಿ ನಾವು ಕಳೆದುಕೊಂಡದ್ದೇನು, ಕಲಿತದ್ದೇನು ಎಂಬುದನ್ನು ರೈತ ಬಾಂಧವರ ಮುಂದೆ ಇಡುವುದು ನಮ್ಮ ಕರ್ತವ್ಯವೆಂದು ತಿಳಿದು ಇದನ್ನು ಬರೆಯುತ್ತಿದ್ದೇವೆ. ಏಕೆಂದರೆ ಇಂಥ ಹಳೆಯ ಗಾಡಿಗಳು ನಮ್ಮ ಸೀಮೆಯ ಬೇವಿನ ಮರಗಳ ಕೆಳಗೆ ಇನ್ನೂ ಕೆಲವು ನಿಂತಿವೆ. ಅವುಗಳ ಮೇಲೆ ನಮ್ಮ ಹುಡುಗರ ಕಣ್ಣೂ ಬಿದ್ದಿದೆ.

ಆ ಲಾರಿ ನಮ್ಮ ತಂದೆಯವರದು. ೧೯೫೪ರಲ್ಲಿ ಟೆಲ್ಕೊ ಕಂಪನಿಯವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯ ಸಹಕಾರದಿಂದ ಜಮ್‌ಶೆಡ್‌ಪುರದಲ್ಲಿ ಲಾರಿ ಮಾಡಲು ತೊಡಗಿದರು. ಆ ಒಪ್ಪಂದ ೧೯೬೯ಕ್ಕೆ ಮುಗಿಯಿತು. ಅಲ್ಲಿಯವರೆಗಿನ ಗಾಡಿಗಳ ಮೂತಿಯ ಮೇಲೆ ಬೆಂಜಿನ ಮೂರು ಮೂಲೆಯ ನಕ್ಷತ್ರವಿರುತ್ತಿತ್ತು. ನಮ್ಮದೂ ನಕ್ಷತ್ರದ ಲಾರಿಯೇ. ತಂದೆಯವರು ಅದನ್ನು ಕೊಂಡಾಗಲೇ ಅದು ಎರಡು ಕೈ ದಾಟಿ ಬಂದಿತ್ತು. ತೊಗರಿ, ಶೇಂಗಾ, ಹತ್ತಿ ಹೊತ್ತು ನಾರಾಯಣಪೇಟೆಗೂ ರಾಯಚೂರಿಗೂ ಎಷ್ಟು ಸಲ ಹೋಗಿ ಬಂದಿತೋ ಲೆಕ್ಕವಿಲ್ಲ. ತಂದೆಯವರು ತೀರಿಕೊಂಡ ಮೇಲೆ ಅದೂ ನಿಂತಿತು.

ಅದನ್ನು ಮತ್ತೆ ಎಬ್ಬಿಸಬೇಕೆಂಬ ಹಂಬಲ ಹುಟ್ಟಿದ್ದು ನಮ್ಮ ಅಣ್ಣನ ಮಗನಿಗೆ. ಹತ್ತನೆಯ ತರಗತಿಗೆ ಶಾಲೆ ಬಿಟ್ಟು ವೆಲ್ಡಿಂಗ್ ಅಂಗಡಿ ಸೇರಿದ ಹುಡುಗ. ಕೈ ಚುರುಕು. “ಕಾಕಾ, ನಾಕು ಇಂಚು ಇಳಿಸಿಬಿಟ್ರ ಶೆಡ್ಡಿನಾಗೂ ಹೋಗ್ತದ, ಜಾತ್ರಿಗೆ ಒಯ್ದ್ರ ಮಂದಿ ನಿಂತು ನೋಡ್ತಾರ,” ಎಂದ. ಎಲ್ಲಿಯೋ ಚಿತ್ರ ನೋಡಿದ್ದ. ನಾವು ಹೂಂ ಎಂದೆವು. ಹೂಂ ಎಂದವರು ನಾವೇ ಆದ್ದರಿಂದ ತಪ್ಪಿನ ಮೊದಲ ಪಾಲು ನಮ್ಮದು.

ಚಿತ್ರದ ಹಿಂದಿನ ಕಥೆ

ಈ ಚಾಳಿಗೆ ಒಂದು ಇತಿಹಾಸವಿದೆ. ೧೯೩೦ ಮತ್ತು ೪೦ರ ದಶಕಗಳಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ತರುಣರು ಹಳೆಯ ಫೋರ್ಡ್ ಕಾರುಗಳನ್ನು ಒಣಗಿದ ಕೆರೆಗಳ ಬಯಲಿಗೆ ಒಯ್ದು ಓಟದ ಪಂದ್ಯ ಕಟ್ಟುತ್ತಿದ್ದರು. ಗಾಡಿಯ ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಎದುರು ಗಾಳಿಗೆ ಒಡ್ಡುವ ಮೈ ಕಡಿಮೆಯಾಗಲೆಂದು ಅವರು ಛಾವಣಿಯ ಕಂಬಗಳನ್ನು ತುಂಡರಿಸಿ ತಗ್ಗಿಸಿದರು. ಮುಂದೆ ಅದೇ ಒಂದು ಅಂದವಾಗಿ, ಲಾರಿಗಳಿಗೂ ಹಬ್ಬಿತು. ಗಂಟೆಗೆ ನೂರು ಮೈಲಿ ಓಡಿಸುವವನಿಗೆ ಅದರಲ್ಲಿ ಲಾಭವಿತ್ತು. ಮೂಟೆ ಹೊತ್ತು ಇಪ್ಪತ್ತು ಮೈಲಿಯಲ್ಲಿ ತೆವಳುವ ನಮ್ಮ ಲಾರಿಗೆ ಏನು ಲಾಭ? ಒಬ್ಬರ ಅಗತ್ಯ ಇನ್ನೊಬ್ಬರ ಅಲಂಕಾರವಾಗುವಾಗ ಕಾರಣ ಹಿಂದೆ ಉಳಿದು ಖರ್ಚು ಮಾತ್ರ ಜೊತೆಗೆ ಬರುತ್ತದೆ.

ಕೊಯ್ದ ಬಗೆ

ಹುಡುಗ ಬೆಳಿಗ್ಗೆ ಕಟಿಂಗ್ ಯಂತ್ರ ಹಿಡಿದು ನಿಂತವನು ಮಧ್ಯಾಹ್ನದೊಳಗೆ ನಾಲ್ಕೂ ಕಂಬಗಳಿಂದ ನಾಲ್ಕು ನಾಲ್ಕು ಇಂಚು ತೆಗೆದ. ನಾಲ್ಕು ಜನ ಸೇರಿ ಛಾವಣಿಯನ್ನು ಕೆಳಗಿಳಿಸಿದೆವು. ಹಿಂದಿನ ಕಂಬಗಳ ಮೇಲೆ ಅದು ಸರಿಯಾಗಿ ಕುಳಿತಿತು. ಮುಂದಿನವುಗಳ ಮೇಲೆ ಕುಳಿತುಕೊಳ್ಳಲಿಲ್ಲ. ಮೇಲಿನ ತುಂಡು ಕೆಳಗಿನ ತುಂಡಿಗಿಂತ ಒಂದು ಇಂಚು ಹಿಂದಕ್ಕೆ ನಿಂತುಬಿಟ್ಟಿತು.

ಇದೇಕೆ ಹೀಗಾಯಿತೆಂದು ಹುಡುಗ ಬೆರಗಾದ. ಲೆಕ್ಕ ಕಲಿಸುವ ನಮಗೆ ನಾಚಿಕೆಯಾಯಿತು. ಹಿಂದಿನ ಕಂಬ ನೆಟ್ಟಗಿದೆ. ಗಾಜು ಹಿಡಿಯುವ ಮುಂದಿನ ಕಂಬ ಹಿಂದಕ್ಕೆ ಒರಗಿದೆ. ನಾಲ್ಕು ಇಂಚು ಮೇಲೇರುವಷ್ಟರಲ್ಲಿ ಅದು ಒಂದು ಇಂಚು ಹಿಂದೆ ಸರಿಯುತ್ತದೆ. ಆದ್ದರಿಂದ ನಾಲ್ಕು ಇಂಚು ತೆಗೆದರೆ ಒಂದು ಇಂಚಿನ ಅಂತರ ಬಂದೇ ಬರುತ್ತದೆ. ಎರಡು ಇಂಚು ತೆಗೆದಿದ್ದರೆ ಅರ್ಧ ಇಂಚು. ಇದು ಸಮರೂಪ ತ್ರಿಭುಜಗಳ ಲೆಕ್ಕ. ಕಪ್ಪು ಹಲಗೆಯ ಮೇಲೆ ವರ್ಷವರ್ಷವೂ ಬರೆಯುವ ಆ ಲೆಕ್ಕ ನಮ್ಮ ಹೊಲದಲ್ಲಿ ನಿಂತ ಲಾರಿಯ ಮೇಲೆ ನಮಗೇ ಕಾಣಲಿಲ್ಲ. ಇದಕ್ಕೆ ಉಪಾಯ ಎರಡೇ: ಛಾವಣಿಯನ್ನು ಅಡ್ಡಲಾಗಿ ಸೀಳಿ ನಡುವೆ ಒಂದು ಇಂಚಿನ ಪಟ್ಟಿ ಸೇರಿಸಬೇಕು, ಇಲ್ಲವೇ ಮುಂದಿನ ಕಂಬಗಳನ್ನು ಇನ್ನಷ್ಟು ಒರಗಿಸಬೇಕು.

ನಾವು ಪಟ್ಟಿ ಸೇರಿಸಿದೆವು. ಅವಸರದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಒಂದೇ ಸಮನೆ ಬೆಸುಗೆ ಎಳೆದದ್ದರಿಂದ ತಗಡು ಕಾದು, ಹಪ್ಪಳದಂತೆ ಏರಿಳಿಯಿತು. ಬಾಗಿಲುಗಳ ಕಿಟಕಿ ಚೌಕಟ್ಟನ್ನೂ ಅಷ್ಟೇ ತಗ್ಗಿಸಬೇಕೆಂಬುದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ಒಳಗೆ ಆನಿಕೆ ಕೊಡದ ಕ್ಯಾಬಿನ್ನು ಓರೆಯಾಗಿ, ಒಂದು ಬಾಗಿಲು ಮುಚ್ಚದಾಯಿತು, ಇನ್ನೊಂದು ತೆರೆಯದಾಯಿತು. ಪಕ್ಕದ ಗಾಜನ್ನು ಕೊಯ್ಯಲು ಹೋದಾಗ ಅದು ಒಂದೇ ಏಟಿಗೆ ಕಲ್ಲುಸಕ್ಕರೆಯಂತೆ ಪುಡಿಯಾಯಿತು. ಕಾಯಿಸಿ ಗಟ್ಟಿಮಾಡಿದ ಗಾಜು ಕೊಯ್ಯಲು ಬಾರದು. ನಡುವೆ ಪದರವಿಟ್ಟ ಗಾಜನ್ನು ಮಾತ್ರ ಪಳಗಿದ ಕೈ ಕೊಯ್ಯಬಲ್ಲುದು.

ಕೊನೆಗೆ ಒಳಗೆ ಕುಳಿತು ನೋಡಿದೆವು. ತಲೆ ತಗಡಿಗೆ ತಾಗುತ್ತಿತ್ತು. ಮೇ ತಿಂಗಳ ಬಿಸಿಲಿಗೆ ಆ ತಗಡು ರೊಟ್ಟಿ ಹಂಚು. ಚಾಲಕನ ತಲೆಯ ಮೇಲೆ ನಾಲ್ಕು ಬೆರಳು ಗಾಳಿ ಇರುವುದು ಸುಮ್ಮನೆ ಅಲ್ಲ. ಸರಕಾರವು ೨೦೨೫ರ ಅಕ್ಟೋಬರ್ ೧ರಿಂದ ತಯಾರಾಗುವ ಭಾರದ ಲಾರಿಗಳ ಕ್ಯಾಬಿನ್ನಿನಲ್ಲಿ ತಂಪು ಗಾಳಿಯ ಯಂತ್ರ ಕಡ್ಡಾಯವೆಂದಿದೆ. ದೇಶ ಚಾಲಕನಿಗೆ ತಂಪು ಕೊಡಹೊರಟಾಗ ನಾವು ಅವನ ತಲೆಗೆ ಹಂಚು ಇಳಿಸುತ್ತಿದ್ದೆವು.

ಕಾನೂನು ಏನೆನ್ನುತ್ತದೆ

ರಸ್ತೆಗೆ ಇಳಿಸೋಣವೆಂದು ಕಾಗದಪತ್ರ ವಿಚಾರಿಸಿದಾಗ ನಮಗೆ ಎರಡನೆಯ ಪಾಠವಾಯಿತು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸಕೂಡದು. ೨೦೧೯ರ ಜನವರಿಯಲ್ಲಿ, ಕೇರಳದಿಂದ ಬಂದ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟೂ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದೆ ಬದಲಿಸಿದ ಮಾಲಿಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಒಂದೊಂದು ಬದಲಾವಣೆಗೆ ೫,೦೦೦ ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

“ಐವತ್ತು ವರ್ಷ ದಾಟಿದ ಗಾಡಿಗೆ ಬೇರೆ ನಿಯಮ ಇದೆಯಲ್ಲ?” ಎಂದು ಕೆಲವರು ಕೇಳುತ್ತಾರೆ. ೨೦೨೧ರಲ್ಲಿ ಅಂಥ ನಿಯಮ ಬಂದದ್ದು ನಿಜ. ಆದರೆ ಅದು ದ್ವಿಚಕ್ರ ವಾಹನಗಳಿಗೂ ಕಾರುಗಳಿಗೂ ಮಾತ್ರ; ಅವೂ ಮೂಲರೂಪದಲ್ಲಿಯೇ ಇರಬೇಕು. ಲಾರಿಗೆ ಆ ಬಾಗಿಲು ಇಲ್ಲ. ಹೀಗಾಗಿ ತಂದೆಯವರ ಲಾರಿ ಜಾತ್ರೆಗೂ ಹೋಗಲಿಲ್ಲ, ಸಂತೆಗೂ ಹೋಗಲಿಲ್ಲ.

ನಮ್ಮ ಅಭಿಪ್ರಾಯ

ರಸ್ತೆಯ ಮೇಲೆ ಓಡುವ ಗಾಡಿಯ ಛಾವಣಿ ಕೊಯ್ಯಲೇಬಾರದು. ಕ್ಯಾಬಿನ್ನಿನ ಕಂಬಗಳು ಮನೆಯ ಕಂಬಗಳಿದ್ದಂತೆ. ಗಾಡಿ ಉರುಳಿದಾಗ ಒಳಗಿನ ಜೀವವನ್ನು ಕಾಯುವವು ಅವೇ. ಎಳೆಗೈಯ ಬೆಸುಗೆ ಆ ಹೊತ್ತಿನಲ್ಲಿ ತಡೆದೀತೆಂದು ಯಾರು ಹೊಣೆ ಹೊರುತ್ತಾರೆ?

ಆದರೆ ಹುಡುಗರ ಕೈಯಿಂದ ಯಂತ್ರ ಕಸಿದುಕೊಳ್ಳಿರೆಂದು ನಾವು ಹೇಳುವುದಿಲ್ಲ. ಓಡಾಟ ಮುಗಿಸಿದ ಗಾಡಿಯಿದ್ದರೆ, ಮೊದಲು ಅದರ ನೋಂದಣಿಯನ್ನು ಕ್ರಮವಾಗಿ ರದ್ದು ಮಾಡಿಸಿ, ಆಮೇಲೆ ಹುಡುಗರಿಗೆ ಪಾಠಕ್ಕಾಗಿ ಒಪ್ಪಿಸಲಿ. ಆಗ ಈ ಕ್ರಮವನ್ನು ಪಾಲಿಸಬೇಕು:

೧. ಮೊದಲು ಬ್ಯಾಟರಿ, ಡೀಸೆಲ್ ಟ್ಯಾಂಕು, ಸೀಟು, ಗಾಜು ಎಲ್ಲವನ್ನೂ ಕಳಚಿ ದೂರವಿಡಬೇಕು. ಒಂದು ಕೊಡ ನೀರು, ಒದ್ದೆ ಗೋಣಿ ಹತ್ತಿರ ಇರಬೇಕು. ಕಣ್ಣಿಗೆ ಕನ್ನಡಕ ಬೇಕೇಬೇಕು.

೨. ಕಂಬಗಳ ಓರೆಯನ್ನು ಅಳೆದು, ಹಾಳೆಯ ಮೇಲೆ ನಕ್ಷೆ ಬರೆದು, ದಪ್ಪ ರಟ್ಟಿನಲ್ಲಿ ಕತ್ತರಿಸಿ ಜೋಡಿಸಿ ನೋಡಬೇಕು. ರಟ್ಟಿನಲ್ಲಿ ಆದ ತಪ್ಪಿಗೆ ಖರ್ಚಿಲ್ಲ.

೩. ಕೊಯ್ಯುವ ಮೊದಲೇ ಕ್ಯಾಬಿನ್ನಿನ ಒಳಗೆ ಮೂಲೆಯಿಂದ ಮೂಲೆಗೆ ಕಬ್ಬಿಣದ ಪಟ್ಟಿಗಳನ್ನು ಅಡ್ಡಲಾಗಿ ಬೆಸೆದು ಆನಿಕೆ ಕೊಡಬೇಕು. ಬಾಗಿಲಿನ ಜಾಗ ಆಗ ಓರೆಯಾಗದು.

೪. ಬಾಗಿಲನ್ನೂ ಕ್ಯಾಬಿನ್ನನ್ನೂ ಒಂದೇ ಗೆರೆಗೆ ಗುರುತು ಮಾಡಬೇಕು. ಒಂದೊಂದೇ ಕಂಬ ಕೊಯ್ಯುತ್ತ, ಛಾವಣಿಗೆ ಆಸರೆ ಕೊಡುತ್ತ ಹೋಗಬೇಕು.

೫. ಬೆಸುಗೆಯನ್ನು ಚುಕ್ಕೆ ಚುಕ್ಕೆಯಾಗಿ, ಒಮ್ಮೆ ಈ ತುದಿಗೆ, ಒಮ್ಮೆ ಆ ತುದಿಗೆ ಇಟ್ಟು, ತಗಡು ಆರಿದ ಮೇಲೆಯೇ ಮುಂದಿನ ಚುಕ್ಕೆ ಇಡಬೇಕು. ಸಸಿ ನೆಟ್ಟಂತೆ ತಾಳ್ಮೆ ಬೇಕು.

ಇನ್ನೊಂದು ಮಾತು. ನಮ್ಮ ಹುಡುಗರ ಕೈಯಲ್ಲಿ ಕಸುಬಿದೆ, ಅಳತೆಯಿಲ್ಲ. ಶಾಲೆಯಲ್ಲಿ ಅಳತೆಯಿದೆ, ಕಸುಬಿಲ್ಲ. ಎಂಟನೆಯ ತರಗತಿ ಮುಗಿಸಿದವನೂ ಐ.ಟಿ.ಐ.ಯಲ್ಲಿ ಒಂದು ವರ್ಷದ ವೆಲ್ಡರ್ ಶಿಕ್ಷಣ ಪಡೆಯಬಹುದು. ತಂದೆತಾಯಿಗಳು ಇದನ್ನು ಕೀಳೆಂದು ತಿಳಿಯಬಾರದು. ನಮ್ಮಂಥ ಮಾಸ್ತರರೂ ತ್ರಿಭುಜದ ಪಾಠವನ್ನು ಹಲಗೆಯಿಂದ ಇಳಿಸಿ ಲಾರಿಯ ಹತ್ತಿರ, ಬಂಡಿಯ ಹತ್ತಿರ, ತಿಳಿಗನ್ನಡದಲ್ಲಿ ಹೇಳಬೇಕು. ಗಡಿಯಾಚೆಯಲ್ಲಿರುವ ನಮ್ಮ ಮಕ್ಕಳಿಗೆ ಓದು ಬೇರೆ, ಬದುಕು ಬೇರೆ ಎಂಬ ಭಾವನೆ ಹಾಗೆಯೇ ಹೋದೀತು.

ಈಗ ಆ ಲಾರಿ ಶೆಡ್ಡಿನಲ್ಲಿಯೇ ಇದೆ. ಅದರ ಹಿಂದಿನ ತೊಟ್ಟಿಯಲ್ಲಿ ಬಿತ್ತನೆಯ ಕೂರಿಗೆ, ಕುಂಟೆ, ಗೋಣಿಗಳನ್ನು ಇಡುತ್ತೇವೆ. ನಕ್ಷತ್ರವನ್ನು ಬಿಚ್ಚಿಲ್ಲ. ಹುಡುಗ ಕಂಬಗಳನ್ನು ಮತ್ತೆ ಬಿಚ್ಚಿ, ರಟ್ಟಿನ ಅಳತೆಯಿಂದ ತಿದ್ದಿ ಕೂಡಿಸಿದ್ದಾನೆ. ಒಂದು ಬಾಗಿಲು ಈಗ ಮುಚ್ಚುತ್ತದೆ. ಈ ಸಲ ಹೂಂ ಎನ್ನುವ ಮೊದಲು ನಾವು ಅವನ ಕೈಗೆ ಅಳತೆಯ ಟೇಪು ಕೊಟ್ಟಿದ್ದೆವು.

ಶೆಡ್ಡಿನ ತೊಲೆಯನ್ನು ನಾಲ್ಕು ಇಂಚು ಎತ್ತರಿಸಲು ಎರಡು ಇಟ್ಟಿಗೆಯ ವರಸೆ ಸಾಕಾಗುತ್ತಿತ್ತು. ಓದುಗರು ಇಟ್ಟಿಗೆಯಿಂದಲೇ ಆರಂಭಿಸಲಿ.