ಮರುನುಡಿಕೆ ಮತ್ತು ಕರ್ತೃತ್ವ: ಕಂಪ್ಯೂಟರ್ ಆಟಗಳ ಸಂಗೀತ ಎತ್ತುವ ಕೆಲವು ಪ್ರಶ್ನೆಗಳು

ಮೂಲಪಾಠ, ಪಾಠಾಂತರ, ಮರುನಿರೂಪಣೆ ಎಂಬ ಪರಿಕಲ್ಪನೆಗಳು ಕನ್ನಡ ಅಧ್ಯಯನಕ್ಕೆ ಹೊಸವಲ್ಲ. ಓಲೆಪ್ರತಿಗಳನ್ನು ಪರಿಷ್ಕರಿಸಿದ ಗ್ರಂಥಸಂಪಾದಕರು ಪಾಠನಿರ್ಣಯದ ಶಿಸ್ತನ್ನು ರೂಪಿಸಿದರು. ಅದಕ್ಕೆ ಎದುರಾಗಿ ಜಾನಪದ ವಿದ್ವಾಂಸರು, ಒಂದು ಮೌಖಿಕ ಕಾವ್ಯದ ಹಲವು ಹಾಡುಗಾರಿಕೆಗಳನ್ನು ಒಂದೇ 'ಶುದ್ಧ' ಪಾಠಕ್ಕೆ ಇಳಿಸುವುದು ಸರಿಯಲ್ಲವೆಂದು ವಾದಿಸಿದರು. ರಾಮಾಯಣಗಳನ್ನು ಕುರಿತ ಎ.ಕೆ. ರಾಮಾನುಜನ್ ಅವರ ಪ್ರಸಿದ್ಧ ಪ್ರಬಂಧವು ಒಂದು ಮೂಲ ಮತ್ತು ಅದರ ರೂಪಾಂತರಗಳು ಎಂಬ ವಿಭಜನೆಯನ್ನೇ ಪ್ರಶ್ನಿಸಿತು. ಆದರೆ ಈ ಚರ್ಚೆ ಬಹುಮಟ್ಟಿಗೆ ಓಲೆಗರಿ, ಮುದ್ರಿತ ಪುಸ್ತಕ ಮತ್ತು ಹಾಡುಗಾರನ ಕಂಠ ಎಂಬ ಮೂರು ಮಾಧ್ಯಮಗಳ ಎಲ್ಲೆಯೊಳಗೇ ನಡೆದಿದೆ. ಗಣಕಯಂತ್ರದೊಳಗೇ ಹುಟ್ಟಿ ಅಲ್ಲಿಯೇ ಬದುಕಿದ ಕೃತಿಯ ಪಾಠ ಯಾವುದು, ಅದರ ಕರ್ತೃ ಯಾರು, ಅದನ್ನು ಮತ್ತೊಬ್ಬರು ನುಡಿಸಿದಾಗ ನಡೆಯುವುದೇನು ಎಂಬ ಪ್ರಶ್ನೆಗಳಿಗೆ ಸಿಗಬೇಕಾದ ಗಮನ ಸಿಕ್ಕಿಲ್ಲ. 1980ರ ದಶಕದ ಗೃಹಬಳಕೆಯ ಕಂಪ್ಯೂಟರುಗಳ ಆಟಗಳಿಗಾಗಿ ರಚನೆಗೊಂಡ ಸಂಗೀತ ಹಾಗೂ ಅದನ್ನು ಇಂದಿಗೂ ಮರುನುಡಿಸುತ್ತಿರುವ ಅಭಿಮಾನಿ ಸಮುದಾಯ ಈ ದೃಷ್ಟಿಯಿಂದ ಪರಿಶೀಲನೆಗೆ ಯೋಗ್ಯವಾದ ನಿದರ್ಶನವಾಗಿವೆ.

1

ಅಮೆರಿಕದ ಕಮೊಡೋರ್ ಸಂಸ್ಥೆ 1982ರಲ್ಲಿ ಮಾರುಕಟ್ಟೆಗೆ ತಂದ ಕಮೊಡೋರ್ 64 ಕಂಪ್ಯೂಟರಿನ ಮೆಮೊರಿ ಕೇವಲ 64 ಕಿಲೋಬೈಟ್. ಅದರಲ್ಲಿ ಬಾಬ್ ಯಾನ್ನೆಸ್ ವಿನ್ಯಾಸಗೊಳಿಸಿದ 'ಸಿಡ್' ಎಂಬ ಧ್ವನಿ ಚಿಪ್ ಇತ್ತು. ಈ ಚಿಪ್ ಏಕಕಾಲಕ್ಕೆ ಮೂರು ಧ್ವನಿಗಳನ್ನು ಮಾತ್ರ ಹೊರಡಿಸಬಲ್ಲದಾಗಿತ್ತು. ಇಂಗ್ಲೆಂಡಿನಲ್ಲಿ ಈ ಯಂತ್ರಕ್ಕೆ ಸಂಗೀತ ರಚಿಸಿದ ರಾಬ್ ಹಬ್ಬರ್ಡ್, ಮಾರ್ಟಿನ್ ಗಾಲ್ವೇ, ಬೆನ್ ಡಾಗ್ಲಿಷ್, ಡೇವಿಡ್ ವಿಟೇಕರ್ ಮೊದಲಾದವರು ಈ ಮಿತಿಯನ್ನೇ ಶೈಲಿಯಾಗಿ ಪರಿವರ್ತಿಸಿದರು. ಮೂರೇ ಧ್ವನಿಗಳಿರುವಾಗ ಒಂದು ಸ್ವರಮೇಳವನ್ನು ನುಡಿಸಿದರೆ ಮೂರೂ ಖರ್ಚಾಗುತ್ತವೆ. ಆದ್ದರಿಂದ ಸ್ವರಮೇಳದ ಸ್ವರಗಳನ್ನು ಒಂದೇ ಧ್ವನಿಯಲ್ಲಿ, ಸೆಕೆಂಡಿಗೆ ಹತ್ತಾರು ಬಾರಿ ಬದಲಾಯಿಸುತ್ತ, ಒಂದರ ಹಿಂದೊಂದರಂತೆ ನುಡಿಸುವ ತಂತ್ರ ಬಳಕೆಗೆ ಬಂದಿತು. ಅದರಿಂದ ಉಂಟಾದ ಕಂಪಿಸುವ ನಾದವೇ ಈ ಸಂಗೀತದ ಗುರುತಾಯಿತು.

ಈ ರಚನೆಗಳಿಗೆ ನಿರ್ದಿಷ್ಟ ಸಂದರ್ಭವೂ ಇತ್ತು. ಕ್ಯಾಸೆಟ್ಟಿನಿಂದ ಆಟ ಯಂತ್ರಕ್ಕೆ ತುಂಬಿಕೊಳ್ಳಲು ಕೆಲವು ನಿಮಿಷಗಳು ಬೇಕಾಗುತ್ತಿದ್ದವು. ಆ ಕಾಯುವಿಕೆಗೆಂದೇ ಬರೆದ ಸಂಗೀತ ಒಂದು ಪ್ರತ್ಯೇಕ ಪ್ರಕಾರವಾಗಿ ಬೆಳೆಯಿತು. 1986ರ 'ಸ್ಯಾಂಕ್ಸಿಯನ್' ಆಟಕ್ಕೆ ಹಬ್ಬರ್ಡ್ ರಚಿಸಿದ ಇಂತಹ ಸಂಗೀತ ಆಟಕ್ಕಿಂತಲೂ ಹೆಚ್ಚು ಪ್ರಸಿದ್ಧವಾಗಿದೆ. ಬೀಸುವಾಗಿನ ಹಾಡನ್ನು ಬೀಸುವ ಕೆಲಸದಿಂದ ಬಿಡಿಸಿ ಅರ್ಥೈಸಲಾಗದೆಂದು ತಿಳಿದಿರುವ ಜಾನಪದ ಅಧ್ಯಯನಕಾರರಿಗೆ ಇದರ ಮಹತ್ವವನ್ನು ವಿವರಿಸಬೇಕಾಗಿಲ್ಲ. ಕ್ಯಾಸೆಟ್ಟೂ ಕಾಯುವಿಕೆಯೂ ಮರೆಯಾದ ಮೇಲೆ ಉಳಿದ ಸಂಗೀತವನ್ನು ಅಭಿಮಾನಿಗಳು ಹೊಸ ಸಂದರ್ಭಗಳಿಗೆ ತಂದಿದ್ದಾರೆ.

2

ಇಲ್ಲಿ ಮೂಲಪಾಠ ಎನ್ನುವುದು ಯಾವುದು ಎಂಬ ಪ್ರಶ್ನೆ ಮೊದಲು ಎದುರಾಗುತ್ತದೆ. ಈ ಸಂಗೀತ ಸಾಮಾನ್ಯವಾಗಿ ಸ್ವರಲಿಪಿಯಾಗಿಯೂ ಧ್ವನಿಮುದ್ರಣವಾಗಿಯೂ ಹುಟ್ಟಿದ್ದಲ್ಲ. ಅದು ಚಿಪ್ಪಿಗೆ ಪ್ರತಿಕ್ಷಣವೂ ಆದೇಶ ನೀಡುವ ಒಂದು ಪ್ರೋಗ್ರಾಂ. ಹಬ್ಬರ್ಡ್ ಮೊದಲಾದವರು ಸ್ವರಗಳನ್ನಷ್ಟೇ ಅಲ್ಲದೆ ಅವುಗಳನ್ನು ನುಡಿಸುವ ಪ್ರೋಗ್ರಾಮನ್ನೂ ತಾವೇ ಬರೆದರು. ಅಂದರೆ ಕೃತಿಯೂ ವಾದಕನೂ ಒಂದೇ ಬರಹದಲ್ಲಿ ಸೇರಿಕೊಂಡಿದ್ದಾರೆ. ಹಾಗಿದ್ದರೂ ಆ ಬರಹ ಎಲ್ಲೆಡೆಯೂ ಒಂದೇ ರೀತಿ ಕೇಳಿಸುವುದಿಲ್ಲ. ಸಿಡ್ ಚಿಪ್ಪಿನ 6581 ಎಂಬ ಮೊದಲ ಮಾದರಿಯಲ್ಲಿ ನಾದವನ್ನು ಸೋಸುವ ಭಾಗ ಚಿಪ್ಪಿನಿಂದ ಚಿಪ್ಪಿಗೆ ಭಿನ್ನವಾಗಿ ವರ್ತಿಸುತ್ತಿತ್ತು. ಅದೇ ಮಾದರಿಯ ಒಂದು ದೋಷವನ್ನು ಬಳಸಿಕೊಂಡು ಸಂಗೀತಗಾರರು ಮುದ್ರಿತ ಧ್ವನಿತುಣುಕುಗಳನ್ನು ನುಡಿಸುತ್ತಿದ್ದರು. 8580 ಎಂಬ ನಂತರದ ಮಾದರಿಯಲ್ಲಿ ದೋಷ ಸರಿಹೋದುದರಿಂದ ಆ ಧ್ವನಿಗಳು ಬಹಳ ಕ್ಷೀಣವಾದವು. ಯುರೋಪಿನಲ್ಲಿ ಟಿ.ವಿ. ಚಿತ್ರದ ಗತಿಗೆ ಹೊಂದಿಕೊಂಡು ಸೆಕೆಂಡಿಗೆ 50 ಬಾರಿ ನಡೆಯುತ್ತಿದ್ದ ಸಂಗೀತ, ಅಮೆರಿಕದ ಯಂತ್ರದಲ್ಲಿ ಸೆಕೆಂಡಿಗೆ 60 ಬಾರಿ ನಡೆದು ವೇಗವಾಗಿ ಕೇಳಿಸುತ್ತಿತ್ತು. ಪ್ರತಿ ಒಂದೇ ಆದರೂ ಪಾಠಗಳು ಹಲವು ಎಂಬ ಸ್ಥಿತಿ ಇದು.

ಮೂಲ ಎಂಬ ಪರಿಕಲ್ಪನೆ ಇನ್ನೊಂದು ದಿಕ್ಕಿನಿಂದಲೂ ಅಲುಗುತ್ತದೆ. ಹಬ್ಬರ್ಡ್ 1985ರಲ್ಲಿ 'ಕಮಾಂಡೋ' ಆಟಕ್ಕೆ ನೀಡಿದ ಸಂಗೀತವು ಜಪಾನಿನ ತಮಾಯೊ ಕವಾಮೊಟೊ ಮೂಲ ಆರ್ಕೇಡ್ ಆಟಕ್ಕೆ ರಚಿಸಿದ ಸಂಗೀತದ ವಿಸ್ತರಣೆ. ಅದೇ ವರ್ಷದ 'ಮಾಂಟಿ ಆನ್ ದ ರನ್' ಆಟದ ಸಂಗೀತಕ್ಕೆ, ಚಾರ್ಲ್ಸ್ ವಿಲಿಯಮ್ಸ್ ರಚಿಸಿದ, ಬ್ರಿಟನ್ನಿನ ರೇಡಿಯೋ ಧಾರಾವಾಹಿಯೊಂದರಿಂದ ಮನೆಮಾತಾಗಿದ್ದ ವಾದ್ಯಕೃತಿ ಪ್ರೇರಣೆ. 1986ರ 'ಇಂಟರ್‌ನ್ಯಾಷನಲ್ ಕರಾಟೆ' ಸಂಗೀತದಲ್ಲಿ ರ್ಯೂಇಚಿ ಸಕಾಮೊಟೊ ಅವರ ಚಲನಚಿತ್ರ ಸಂಗೀತದ ಛಾಯೆಯಿದೆ. ಇಂದು ಅಭಿಮಾನಿಗಳು ಯಾವುದನ್ನು ಮೂಲವೆಂದು ಭಾವಿಸುತ್ತಾರೋ ಅದೇ ಹಿಂದಿನ ಒಂದರ ಮರುನುಡಿಕೆಯಾಗಿದೆ. ಇದರಿಂದ ಹಬ್ಬರ್ಡ್ ಅವರ ಪ್ರತಿಭೆಗೆ ಕುಂದಿಲ್ಲ. ಪಡೆದ ವಸ್ತುವನ್ನು ತನ್ನ ಮಾಧ್ಯಮದ ನುಡಿಗಟ್ಟಿಗೆ ಒಗ್ಗಿಸುವ ಶಕ್ತಿಯೇ ಪ್ರತಿಭೆ ಎಂಬುದನ್ನು ಕನ್ನಡದ ಕಾವ್ಯಪರಂಪರೆ ಸಾವಿರ ವರ್ಷಗಳಿಂದ ಒಪ್ಪಿಕೊಂಡು ಬಂದಿದೆ.

3

ಈ ಸಂಗೀತವನ್ನು ಉಳಿಸಿದವರು ಅದನ್ನು ಮಾರಿದ ಕಂಪನಿಗಳೂ ಅಲ್ಲ, ಗ್ರಂಥಾಲಯಗಳೂ ಅಲ್ಲ, ಹವ್ಯಾಸಿಗಳು. 1990ರ ದಶಕದಲ್ಲಿ ಆರಂಭವಾದ 'ಹೈ ವೋಲ್ಟೇಜ್ ಸಿಡ್ ಕಲೆಕ್ಷನ್' ಇಂದು 50,000ಕ್ಕೂ ಹೆಚ್ಚು ರಚನೆಗಳನ್ನು ಒಳಗೊಂಡಿದೆ. ಸಂಗ್ರಹದೊಂದಿಗೆ ಒಂದು ವಿವರಪಟ್ಟಿಯೂ ಇದ್ದು, ಯಾವ ರಚನೆ ಯಾವ ಹಿಂದಿನ ಕೃತಿಯಿಂದ ಬಂದಿದೆ ಎಂಬುದನ್ನು ತಿಳಿದುಬಂದ ಮಟ್ಟಿಗೆ ಅದರಲ್ಲಿ ದಾಖಲಿಸಲಾಗಿದೆ. ಇದು ಸ್ವರೂಪದಲ್ಲಿ ಗ್ರಂಥಸಂಪಾದಕನ ಅಡಿಟಿಪ್ಪಣಿಗಳಿಗೆ ಸಮಾನವಾದ ಕೆಲಸ.

ಮರುನುಡಿಸುವವರ ದಾರಿಗಳು ಹಲವು. ಬ್ರಿಟನ್ನಿನ ಕ್ರಿಸ್ ಅಬ್ಬಟ್ 1990ರ ದಶಕದ ಕೊನೆಯಲ್ಲಿ 'ಬ್ಯಾಕ್ ಇನ್ ಟೈಮ್' ಎಂಬ ಸಿ.ಡಿ.ಯ ಮೂಲಕ ಈ ರಚನೆಗಳನ್ನು ಹೊಸ ವಾದ್ಯಗಳಲ್ಲಿ ಹೊರತಂದರು. ಡೆನ್ಮಾರ್ಕಿನ 'ಪ್ರೆಸ್ ಪ್ಲೇ ಆನ್ ಟೇಪ್' ತಂಡ ಅವುಗಳನ್ನು ರಾಕ್ ಸಂಗೀತವಾಗಿ ವೇದಿಕೆಗೆ ತಂದಿತು. ಸ್ವೀಡನ್ನಿನ 'ಮಾಖಿನೆ ಸುಪ್ರೆಮಸಿ' ತಂಡ ಸಿಡ್ ಚಿಪ್ಪಿನ ನಾದವನ್ನೇ ಗಿಟಾರುಗಳೊಂದಿಗೆ ಬೆರೆಸಿ ಹೊಸ ಹಾಡುಗಳನ್ನು ಕಟ್ಟಿತು. 2018ರಲ್ಲಿ ನಿಧನರಾದ ಬೆನ್ ಡಾಗ್ಲಿಷ್ ಅವರಂತಹ ಮೂಲ ರಚನಕಾರರೇ ಅಭಿಮಾನಿಗಳ ವೇದಿಕೆಗಳಲ್ಲಿ ನುಡಿಸಿದುದೂ ಉಂಟು. 2019ರಲ್ಲಿ ಇಂಗ್ಲೆಂಡಿನ ಹಲ್ ನಗರದ ಪುರಭವನದಲ್ಲಿ ಹಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾ ಈ ಸಂಗೀತದ ಪೂರ್ಣಪ್ರಮಾಣದ ಕಛೇರಿಯನ್ನು ನಡೆಸಿಕೊಟ್ಟಿತು.

ಈ ಬೆಳವಣಿಗೆಯನ್ನು ಕುರಿತು ಎರಡು ಅಭಿಪ್ರಾಯಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಎರಡೂ ಒಪ್ಪತಕ್ಕವಲ್ಲ. ಇದು ಬಾಲ್ಯದ ಹಂಬಲ ಮಾತ್ರ ಎಂಬುದು ಮೊದಲನೆಯದು. ಹಂಬಲವಷ್ಟೇ ಆಗಿದ್ದರೆ ಹಳೆಯ ನಾದವನ್ನು ಇದ್ದಂತೆ ಕೇಳಿದರೆ ಸಾಕಾಗುತ್ತಿತ್ತು. ಅದನ್ನು ಬಿಚ್ಚಿ ಮತ್ತೆ ಕಟ್ಟುವ ಶ್ರಮ ಬೇಕಿರಲಿಲ್ಲ. ಮರುನುಡಿಸುವವನು ಹೆಜ್ಜೆಹೆಜ್ಜೆಗೂ ತೀರ್ಮಾನ ಕೈಗೊಳ್ಳಬೇಕಾಗುತ್ತದೆ. ಆ ಕಂಪಿಸುವ ನಾದ ರಚನಕಾರನ ಉದ್ದೇಶವೇ, ಅಥವಾ ಯಂತ್ರ ಹೇರಿದ ನಿರ್ಬಂಧವೇ? ಪಿಟೀಲುಗಳಿಗೆ ಒಯ್ಯುವಾಗ ಅದನ್ನು ಕಂಪನವಾಗಿಯೇ ಉಳಿಸಬೇಕೆ, ಇಲ್ಲವೇ ತುಂಬು ಸ್ವರಮೇಳವಾಗಿ ಅರಳಿಸಬೇಕೆ? ಇದು ವ್ಯಾಖ್ಯಾನದ ಪ್ರಶ್ನೆಯೇ ಹೊರತು ಹಂಬಲದ ಪ್ರಶ್ನೆಯಲ್ಲ.

ಎರಡನೆಯ ಅಭಿಪ್ರಾಯ ಹೊಗಳಿಕೆಯ ರೂಪದಲ್ಲಿ ಬರುತ್ತದೆ. ಆರ್ಕೆಸ್ಟ್ರಾ ನುಡಿಸಿದ ಮೇಲೆ ಈ ಸಂಗೀತಕ್ಕೆ ಕೊನೆಗೂ ಅದರ ನಿಜರೂಪ ದೊರೆಯಿತು ಎಂಬುದು ಅದರ ಸಾರ. ಜನಪದ ಗೀತೆಗಳ 'ಒರಟುತನ'ವನ್ನು ತಿದ್ದಿ ಶಿಷ್ಟರ ಮುಂದಿಟ್ಟ ಆರಂಭಕಾಲದ ಸಂಗ್ರಹಕಾರರ ದೃಷ್ಟಿಯೇ ಇಲ್ಲಿ ಮರುಕಳಿಸಿದೆ. ಮೂರು ಧ್ವನಿಗಳ ರಚನೆ ನೂರು ವಾದ್ಯಗಳ ರಚನೆಯ ಕರಡು ಪ್ರತಿಯಲ್ಲ. ತ್ರಿಪದಿಯನ್ನು ಯಾರೂ ಅಪೂರ್ಣ ಷಟ್ಪದಿ ಎಂದು ಕರೆಯುವುದಿಲ್ಲ.

4

ಕರ್ತೃತ್ವದ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿದಾಗ ವಿಷಯ ಇನ್ನಷ್ಟು ಗಂಭೀರವಾಗುತ್ತದೆ. 1984ರ 'ಲೇಜಿ ಜೋನ್ಸ್' ಆಟಕ್ಕೆ ವಿಟೇಕರ್ ರಚಿಸಿದ ಒಂದು ಸಣ್ಣ ಸ್ವರಗುಚ್ಛ, 1999ರಲ್ಲಿ ಜರ್ಮನಿಯ 'ಜೋಂಬಿ ನೇಷನ್' ಹೊರತಂದ ನೃತ್ಯಗೀತೆಯ ಜೀವಾಳವಾಯಿತು. ಆರಂಭದಲ್ಲಿ ಅನುಮತಿ ಪಡೆದಿರಲಿಲ್ಲ. ಹಣ ಸಂದಾಯವಾದುದು ಆಮೇಲೆ. ಇನ್ನೊಂದು ಪ್ರಕರಣ ಹೆಚ್ಚು ಜಟಿಲವಾದುದು. ಫಿನ್ಲೆಂಡಿನ ಯಾನ್ನೆ ಸುನಿ 'ಅಮಿಗಾ' ಕಂಪ್ಯೂಟರಿನಲ್ಲಿ ರಚಿಸಿದ ಕೃತಿಯೊಂದು 2000ದಲ್ಲಿ ಅಲ್ಲಿನ 'ಅಸೆಂಬ್ಲಿ' ಸಮಾವೇಶದ ಸ್ಪರ್ಧೆಯಲ್ಲಿ ಗೆದ್ದಿತು. ನಾರ್ವೆಯ ಗ್ಲೆನ್ ರೂನೆ ಗಲ್ಲೆಫಾಸ್ ಅದನ್ನು ಸಿಡ್ ಚಿಪ್ಪಿಗೆ ಅಳವಡಿಸಿದರು. 2006ರಲ್ಲಿ ಟಿಂಬಲ್ಯಾಂಡ್ ನಿರ್ಮಾಣದ, ನೆಲ್ಲಿ ಫುರ್ಟಾಡೊ ಹಾಡಿದ ಒಂದು ಗೀತೆ ಆ ಸಿಡ್ ರೂಪವನ್ನೇ ಬಳಸಿಕೊಂಡಿದೆ ಎಂಬ ಆಪಾದನೆ ಎದ್ದಿತು. ಅಮೆರಿಕದ ನ್ಯಾಯಾಲಯಗಳಲ್ಲಿ ಫಿರ್ಯಾದಿಗೆ ಸೋಲಾಯಿತು. 2012ರ ಮೇಲ್ಮನವಿ ತೀರ್ಪಿನಲ್ಲಿ ನಿರ್ಣಾಯಕವಾದುದು ಸ್ವರಗಳ ಸಾಮ್ಯವಲ್ಲ; ಕೃತಿ ಮೊದಲು ಪ್ರಕಟವಾದದ್ದು ಎಲ್ಲಿ ಮತ್ತು ಹೇಗೆ, ದಾವೆಗೆ ಮುನ್ನ ಅಮೆರಿಕದಲ್ಲಿ ನೋಂದಣಿ ಆಗಬೇಕಿತ್ತೇ ಎಂಬ ಪ್ರಶ್ನೆಗಳು. ಮೂಲ, ರೂಪಾಂತರ, ಬಳಕೆ ಎಂಬ ಮೂರು ಹಂತಗಳ ಸಂಬಂಧವನ್ನು ನ್ಯಾಯಾಲಯ ಚರ್ಚಿಸುವ ಸಂದರ್ಭವೇ ಬರಲಿಲ್ಲ.

ಈ ಹಿನ್ನೆಲೆಯಲ್ಲಿ ಒಂದು ಎಚ್ಚರಿಕೆ ಅಗತ್ಯ. ಮರುನುಡಿಕೆಯನ್ನು ಸಮರ್ಥಿಸುವ ಉತ್ಸಾಹದಲ್ಲಿ ಜಾನಪದದ ಸಾಮೂಹಿಕ ಕರ್ತೃತ್ವದ ಪರಿಕಲ್ಪನೆಯನ್ನು ಇಲ್ಲಿಗೆ ಇದ್ದಂತೆ ಅನ್ವಯಿಸುವುದು ಅಪಾಯಕಾರಿ. ಈ ರಚನಕಾರರು ಹೆಸರುಳ್ಳವರು. ಹಲವರು ನಮ್ಮ ಕಾಲದಲ್ಲಿಯೇ ಬದುಕಿರುವವರು. 'ಎಲ್ಲರಿಗೂ ಸೇರಿದ್ದು' ಎಂಬ ಮಾತು ಅವರ ಪಾಲಿಗೆ 'ಯಾರಿಗೂ ಸೇರದ್ದು' ಎಂದಾಗಬಾರದು. ಕಲಾವಿದರ ಹೆಸರು ಅಳಿಸಿ ಅವರ ಹಾಡುಗಳನ್ನು ಚಲನಚಿತ್ರಕ್ಕೂ ಕ್ಯಾಸೆಟ್ಟಿಗೂ ಮಾರಿಕೊಳ್ಳಲು ಜಾನಪದ ಎಂಬ ಹಣೆಪಟ್ಟಿಯೇ ನೆಪವಾದ ಅನುಭವ ಕರ್ನಾಟಕಕ್ಕೂ ಇದೆ. ಅಭಿಮಾನಿ ಸಮುದಾಯ ರೂಢಿಸಿಕೊಂಡಿರುವ ಪದ್ಧತಿ ಕಾನೂನಿಗಿಂತ ವಿವೇಕಯುತವಾಗಿದೆ. ಮೂಲ ರಚನಕಾರನ ಹೆಸರನ್ನೂ ಆಟದ ಹೆಸರನ್ನೂ ನಮೂದಿಸುವುದು, ಮಾರಾಟಕ್ಕಿಳಿದಾಗ ಅನುಮತಿ ಪಡೆದು ಪಾಲು ಸಲ್ಲಿಸುವುದು, ಕೃತಿ ಸಾಗಿಬಂದ ದಾರಿಯನ್ನು ದಾಖಲಿಸುವುದು ಅದರ ಮುಖ್ಯ ಅಂಶಗಳು. ನುಡಿಸುವ ಸ್ವಾತಂತ್ರ್ಯ ಮತ್ತು ಹೆಸರಿನ ಋಣ ಇಲ್ಲಿ ಪರಸ್ಪರ ವಿರೋಧಿಗಳಾಗಿಲ್ಲ.

5

ಈ ಚರ್ಚೆ ಕನ್ನಡ ವಿಭಾಗಗಳಿಗೆ ಹೊರಗಿನದೆಂದು ತೋರಬಹುದು, ಹಾಗಲ್ಲ. ಯೂನಿಕೋಡ್ ವ್ಯಾಪಕವಾಗುವ ಮುನ್ನ ಕನ್ನಡದ ಅಸಂಖ್ಯ ಸಂಶೋಧನ ಪ್ರಬಂಧಗಳು, ಪತ್ರಿಕೆಗಳು, ಕೃತಿಗಳು ಬರಹ, ನುಡಿ, ಶ್ರೀಲಿಪಿ ಮೊದಲಾದ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಸಿದ್ಧವಾದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಕಾಣುವುದು ಕನ್ನಡವಲ್ಲ, ಅರ್ಥವಿಲ್ಲದ ಚಿಹ್ನೆಗಳ ಸಾಲು. ಯೂನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನಪಲ್ಲಟಗೊಂಡು ಹೊಸ ಅಪಪಾಠಗಳು ಹುಟ್ಟುತ್ತವೆ. ಓಲೆಗರಿಯ ಲಿಪಿಕಾರನ ದೋಷಗಳನ್ನು ವರ್ಗೀಕರಿಸಿದ ಕನ್ನಡ ಗ್ರಂಥಸಂಪಾದನಶಾಸ್ತ್ರ ಪರಿವರ್ತಕ ತಂತ್ರಾಂಶದ ದೋಷಗಳನ್ನು ವರ್ಗೀಕರಿಸುವ ಕೆಲಸವನ್ನೂ ಕೈಗೆತ್ತಿಕೊಳ್ಳಬೇಕಾಗಿದೆ. ಸಿಡ್ ಸಂಗೀತದ ಹವ್ಯಾಸಿಗಳು ಕಡತದ ಜೊತೆಗೆ ಅದನ್ನು ನುಡಿಸುವ ಚಿಪ್ಪಿನ ವರ್ತನೆಯನ್ನೂ ಅನುಕರಿಸಿ ಕಾಪಾಡಿದರು. ಹಳೆಯ ಕಡತಗಳ ಜೊತೆಗೆ ಹಳೆಯ ಫಾಂಟುಗಳನ್ನೂ ತಂತ್ರಾಂಶಗಳನ್ನೂ ಕಾಪಾಡುವ ಹೊಣೆ ಹಾಗೆಯೇ ವಿಶ್ವವಿದ್ಯಾಲಯಗಳ ಮೇಲಿದೆ. ಹಸ್ತಪ್ರತಿ ವಿಭಾಗಗಳು ತಮ್ಮ ವ್ಯಾಪ್ತಿಯನ್ನು ಈ ದಿಕ್ಕಿಗೆ ವಿಸ್ತರಿಸಿಕೊಳ್ಳದೆ ಹೋದಲ್ಲಿ, ಹತ್ತನೆಯ ಶತಮಾನದ ಕಾವ್ಯವನ್ನು ಓದಬಲ್ಲ ಮುಂದಿನ ಪೀಳಿಗೆಗೆ 1990ರ ದಶಕದ ಪಿಎಚ್.ಡಿ. ಪ್ರಬಂಧದ ಕಡತವನ್ನು ತೆರೆಯಲು ಸಾಧ್ಯವಾಗದಿರಬಹುದು.